ಬೆಳಕಿಂಡಿಯ ಕೆಳಗಿನ ಕಳ್ಳಿ

ಮನೆಯೊಳಗೆ ಇಟ್ಟ ಕಳ್ಳಿಗೆ ಎಷ್ಟು ಬಿಸಿಲು ಬೇಕು ಎಂದು ಯಾರಾದರೂ ಕೇಳಿದರೆ, ನನ್ನಷ್ಟು ಚೆನ್ನಾಗಿ ಹೇಳುವವರು ಸಿಗಲಿಕ್ಕಿಲ್ಲ. ಅದನ್ನು ನಾನು ಯಾವ ಮಾಲಿಯಿಂದಲೂ ಕಲಿಯಲಿಲ್ಲ, ಗಿಡದ ಮೇಲಿನ ಪ್ರೀತಿಯಿಂದಲೂ ಕಲಿಯಲಿಲ್ಲ. ಸಿಟ್ಟಿನಿಂದ ಕಲಿತೆ. ಒಬ್ಬ ಹೆಂಗಸಿನ ಮೇಲೆ ನನಗಿದ್ದ ಸಿಟ್ಟು ಅದು. ಆಕೆ ಸತ್ತು ಇಷ್ಟು ವರ್ಷವಾಯಿತು, ಇನ್ನೂ ಆರಿಲ್ಲ. ವಯಸ್ಸಾದ ಮೇಲೆ ಎಲ್ಲರನ್ನೂ ಕ್ಷಮಿಸಿಬಿಡಬೇಕು ಎಂದು ನನ್ನ ಓರಗೆಯವರು ಹೇಳುತ್ತಾರೆ. ಕ್ಷಮಿಸುವವರು ಕ್ಷಮಿಸಿಕೊಳ್ಳಲಿ, ನಾನು ಬೇಡ ಎನ್ನುವುದಿಲ್ಲ.

ನನ್ನ ತವರು ಚಿಂಚೋಳಿ. ಕೊಟ್ಟದ್ದು ಚಿತ್ತಾಪುರಕ್ಕೆ. ಆಗ ನಮ್ಮ ಕಡೆ ನಿಜಾಮರ ರಾಜ್ಯ. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಮಾವ ತಹಸೀಲ ಕಚೇರಿಯಲ್ಲಿ ಮುನ್ಷಿಯಾಗಿದ್ದರು. ನನ್ನ ಗಂಡ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಗುಮಾಸ್ತರು. ಸೋಮವಾರ ಹೋದರೆ ಶನಿವಾರ ಬರುತ್ತಿದ್ದರು. ನನ್ನ ಅತ್ತೆ ನಾನು ಬರುವುದಕ್ಕೆ ಎಷ್ಟೋ ಮೊದಲೇ ತೀರಿಹೋಗಿದ್ದರು. ಮನೆಯನ್ನು ಆಳುತ್ತಿದ್ದವರು ಮಾವನ ಅಕ್ಕ. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ ತಮ್ಮನ ಮನೆ ಸೇರಿ, ನನ್ನ ಗಂಡನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು. ನಾನೂ ಅವರನ್ನು ಗಂಡನ ಹಾಗೆಯೇ ಅತ್ಯಾ ಎಂದು ಕರೆಯುತ್ತಿದ್ದೆ.

ಅತ್ಯಾ ಅವರ ಮಡಿ ಇಡೀ ಚಿತ್ತಾಪುರದಲ್ಲಿ ಹೆಸರಾಗಿತ್ತು. ಕೆಂಪು ಸೀರೆ, ಬೋಳಿಸಿದ ತಲೆ, ಒದ್ದೆ ಬಟ್ಟೆಯಲ್ಲೇ ಅಡುಗೆ. ಮಠದ ದೇವರಿಗೆ ಹಬ್ಬ ಹುಣ್ಣಿಮೆ ದ್ವಾದಶಿಗೆ ನೈವೇದ್ಯ ಹೋಗುತ್ತಿದ್ದುದು ಅವರ ಕೈಯಿಂದಲೇ. ಬೇರೆ ಯಾರು ಮಾಡಿದರೂ ಆಚಾರ್ಯರಿಗೆ ಸಮಾಧಾನವಿರಲಿಲ್ಲ. ಆ ಅಡುಗೆಗೆ ಮಡಿನೀರು ಸೇದಿ ತರುವುದು ನನ್ನ ಕೆಲಸ. ಒಲೆಯ ಹತ್ತಿರ ಮಾತ್ರ ನನ್ನನ್ನು ಬಿಟ್ಟುಕೊಳ್ಳುತ್ತಿರಲಿಲ್ಲ.

ನಾನು ಆ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ನನಗಿನ್ನೂ ಹತ್ತೊಂಬತ್ತು. ಅತ್ಯಾ ಅವರ ಕಬ್ಬಿಣದ ಟ್ರಂಕಿನಲ್ಲಿ, ಮಡಿಸಿಟ್ಟ ಪಟ್ಟೆಯ ಕೆಳಗೆ, ಕುರಕುಂಟಾ ಊರಿನ ಒಂದು ಹುಡುಗಿಯ ಜಾತಕ ಇತ್ತು. ಅವರ ಗಂಡನ ಕಡೆಯ ಸಂಬಂಧ. ಅದು ಅಲ್ಲಿರುವುದು ನನಗೆ ಗೊತ್ತಾಗಲಿ ಎಂದೇ ಒಮ್ಮೆ ನನ್ನ ಎದುರಿಗೇ ಟ್ರಂಕು ತೆಗೆದು, ಕಾಗದ ಬಿಡಿಸಿ, ಓದಿ, ಮತ್ತೆ ಮಡಿಸಿಟ್ಟಿದ್ದರು. ಆಗಿನ ಕಾಲಕ್ಕೆ ಎರಡನೆಯ ಹೆಂಡತಿಯನ್ನು ತರುವುದು ದೊಡ್ಡ ಮಾತಲ್ಲ. ಆದರೆ ಮಾವ ಕಚೇರಿಯ ಮನುಷ್ಯ, ಪುರಾವೆ ಬೇಕು.

"ಹುಡುಗಿ ತಪ್ಪೇನದ ಅಕ್ಕಾ? ನಾಳೆ ಚಿಂಚೋಳಿಯವರು ಬಂದು ಕೇಳಿದರ ನಾ ಏನ್ ಹೇಳಲಿ?" ಎನ್ನುತ್ತಿದ್ದರು.

ಆ ತಪ್ಪನ್ನು ಒದಗಿಸಿಕೊಟ್ಟದ್ದು ಕಳ್ಳಿ.

ಶಹಾಬಾದಿನ ಕಲ್ಲುಗಣಿಯ ಒಬ್ಬ ಬಿಳಿಯ ಸಾಹೇಬನಿಗೆ ಮಾವ ಬಿಡುವಿನಲ್ಲಿ ಉರ್ದು ಕಾಗದಪತ್ರ ಬರೆದುಕೊಡುತ್ತಿದ್ದರು. ಆತ ಊರು ಬಿಟ್ಟು ತನ್ನ ದೇಶಕ್ಕೆ ಹೋಗುವಾಗ ಮಾವನ ಕೈಗೆ ಒಂದು ಮಣ್ಣಿನ ಕುಂಡ ಕೊಟ್ಟ. ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ಮಾವ ಅದನ್ನು ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು, ಧೋತರಕ್ಕೆಲ್ಲ ಮುಳ್ಳು. ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿಯಲ್ಲ ಅದು. ತೆಂಗಿನಕಾಯಿಯಷ್ಟು ಗಾತ್ರ, ಗುಂಡಗೆ, ಮೈತುಂಬ ಏಣು, ಏಣಿನ ಮೇಲೆ ಸಾಲಾಗಿ ಹಳದಿ ಮುಳ್ಳು. ಅಂಥದ್ದನ್ನು ಚಿತ್ತಾಪುರದಲ್ಲಿ ಯಾರೂ ನೋಡಿರಲಿಲ್ಲ. ಮಾವನಿಗೆ ಹೆಮ್ಮೆಯೋ ಹೆಮ್ಮೆ.

"ಮುಳ್ಳಿನ ಗಿಡ ಮನಿಯೊಳಗ ತಂದಿ, ಜಗಳ ಹುಟ್ಟತಾವ ನೋಡು," ಎಂದು ಅತ್ಯಾ ಮುಖ ಸಿಂಡರಿಸಿದರು.

"ಇದು ಮನಿಯೊಳಗೇ ಬೆಳದದ್ದು ಅಕ್ಕಾ. ಸಾಹೇಬ ಖಾಸ ಹೇಳ್ಯಾನ, ಅರ್ಧಾ ಬಿಸಲು ಅರ್ಧಾ ನೆರಳು. ಹೊರಗಿಟ್ಟರ ದನ ತಿಂದು ಹೋಗತಾವ," ಎಂದರು ಮಾವ. ನನ್ನ ಕಡೆ ತಿರುಗಿ, "ನೀ ನೋಡಿಕೋವಾ," ಎಂದರು.

ನೋಡಿಕೋ ಎಂದರೆ ಸುಲಭವೇ? ನಮ್ಮದು ಕಲ್ಲಿನ ಮನೆ. ಗೋಡೆ ಎರಡು ಮೊಳ ದಪ್ಪ. ನಡುಮನೆಗೆ ಕಿಟಕಿಯೇ ಇಲ್ಲ. ಇದ್ದದ್ದು ಮಾಳಿಗೆಯಲ್ಲಿ, ಎಂದರೆ ಮಣ್ಣಿನ ಮಟ್ಟಸ ಚಾವಣಿಯಲ್ಲಿ, ಕೊರೆದ ಒಂದೇ ಒಂದು ಬೆಳಕಿಂಡಿ. ಅದರಿಂದ ಬೀಳುವ ಬಿಸಿಲು ಒಂದು ಗಂಗಾಳದಷ್ಟು ಅಗಲ. ಬೆಳಿಗ್ಗೆ ಪಡುವಣ ಗೋಡೆಯ ಮೇಲಿದ್ದು, ಒಂಬತ್ತರ ಸುಮಾರಿಗೆ ಇಳಿದು ನೆಲ ಮುಟ್ಟಿ, ಫರಸಿ ಕಲ್ಲಿನಿಂದ ಫರಸಿ ಕಲ್ಲಿಗೆ ಸರಿಯುತ್ತ, ಮಧ್ಯಾಹ್ನ ನಡುವಿಗೆ ಬಂದು, ಮೂರು ಗಂಟೆಗೆ ಅಡುಗೆಮನೆಯ ಹೊಸ್ತಿಲು ಹತ್ತುತ್ತಿತ್ತು. ನಮಗೆ ಗಡಿಯಾರವೂ ಅದೇ. ಆ ಬಿಸಿಲಿನ ಬೆನ್ನು ಹತ್ತಿ ನಾನು ಕುಂಡ ಸರಿಸಬೇಕು.

ಮೊದಮೊದಲು ತಪ್ಪಿದೆ. ಕೆಲಸದ ಗಡಿಬಿಡಿಯಲ್ಲಿ ಕಂಬದ ನೆರಳಿನಲ್ಲೇ ಬಿಟ್ಟೆ. ಹದಿನೈದು ದಿನದಲ್ಲಿ ಅದರ ನೆತ್ತಿ ತಿಳಿಹಸಿರಾಗಿ, ಮೊನೆಯಾಗಿ, ಬೆಳಕಿನ ಕಡೆಗೆ ವಾಲಿತು. ಹೊಸ ಮುಳ್ಳು ಬಂದರೂ ಬಿಳಿಚಿಕೊಂಡು ಮೆತ್ತಗೆ. ಬಿಸಿಲು ಸಾಲದು ಎಂದು ತಿಳಿಯಿತು. ಆಮೇಲೆ ಬೆಳಗಿನ ಬಿಸಿಲಿಗೆ ಪೂರ್ತಿ ಒಡ್ಡಿದೆ, ಮೊದಲ ದಿನ ಸ್ವಲ್ಪ ಹೊತ್ತು, ಮರುದಿನ ಇನ್ನಷ್ಟು. ಬೆಳಕು ನೆತ್ತಿಯ ಮೇಲಿಂದ ನೆಟ್ಟಗೆ ಸುರಿಯುವ ಹೊತ್ತಿಗೆ ಪಕ್ಕಕ್ಕೆ ಎಳೆದೆ. ಇಳಿಹೊತ್ತಿನಲ್ಲಿ ಮತ್ತೊಂದಿಷ್ಟು. ಎಂಟು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿದೆ, ಇಲ್ಲದಿದ್ದರೆ ಒಂದು ಮಗ್ಗುಲು ಹಸಿದು ಇನ್ನೊಂದು ಮಗ್ಗುಲು ಉಬ್ಬುತ್ತದೆ. ಮಾಘ ಅರ್ಧ ಕಳೆಯುವ ಹೊತ್ತಿಗೆ ಕಳ್ಳಿ ನೆಟ್ಟಗಾಯಿತು. ಮಾವ ಬಂದವರಿಗೆಲ್ಲ ತೋರಿಸಿ, "ನಮ್ಮ ಸೊಸಿ ಕೈಗುಣ," ಎಂದರು. ಅತ್ಯಾ ಕೇಳಿಸಿಕೊಂಡರು.

ಅದಾದ ವಾರಕ್ಕೆ ನಾನು ಹೊರಗಾದೆ. ತಿಂಗಳಿಗೆ ಮೂರು ದಿನ ನಮ್ಮಲ್ಲಿ ಹೆಂಗಸರು ಏನನ್ನೂ ಮುಟ್ಟುವ ಹಾಗಿರಲಿಲ್ಲ. ಹಿತ್ತಲಿನ ಕತ್ತಲ ಕೋಣೆಯಲ್ಲಿ ಒಂದು ಚಾಪೆ, ಒಂದು ಚೊಂಬು, ದೂರದಿಂದ ಬಡಿಸಿದ ಊಟ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು ನೋಡುತ್ತೇನೆ, ಕಳ್ಳಿಯ ತೆಂಕಣ ಮೈಮೇಲೆ ಅಂಗೈ ಅಗಲ ಬಿಳಿ ಕಲೆ. ನಾಲ್ಕು ದಿನಕ್ಕೆ ಅದು ಕಂದುಬಣ್ಣಕ್ಕೆ ತಿರುಗಿತು, ಆಮೇಲೆ ತೊಗಟೆಯ ಹಾಗೆ ಒರಟಾಯಿತು.

"ನೋಡು ತಮ್ಮಾ. ಹೊರಗಾದ ದಿನ ಮುಂಜಾನಿ ಅದನ್ನ ಮುಟ್ಯಾಳ. ಹಸಿ ಗಿಡ ಹ್ಯಾಂಗ ಸುಟ್ಟದ ನೋಡು," ಎಂದರು ಅತ್ಯಾ.

ಹೇಳಿಬಿಡುತ್ತೇನೆ, ನಾನೂ ನಂಬಿದೆ. ಹೊರಗಾದವಳ ಕೈ ತಾಗಿದರೆ ತುಳಸಿ ಒಣಗುತ್ತದೆ, ಉಪ್ಪಿನಕಾಯಿ ಕೆಡುತ್ತದೆ ಎಂದು ನನ್ನ ತವರಿನಲ್ಲೂ ಹೇಳುತ್ತಿದ್ದರು. ನನ್ನ ಕೈಯನ್ನೇ ನೋಡಿಕೊಂಡು ಅತ್ತೆ.

ಮುಂದಿನ ತಿಂಗಳು ಮುಂಜಾನೆ ಅನುಮಾನ ಬಂದ ಕೂಡಲೇ ಗಿಡದ ಹತ್ತಿರ ಸುಳಿಯದೆ ಹಿತ್ತಲಿಗೆ ಹೋದೆ. ಆದರೂ ಸುಟ್ಟಿತು. ಈ ಸಲ ಅತ್ಯಾ ಸುಮ್ಮನಿರಲಿಲ್ಲ. ಮಠಕ್ಕೆ ಬಂದ ಹೆಂಗಸರೆದುರು, ಬಾವಿಯ ಕಟ್ಟೆಯ ಮೇಲೆ, ಬೆರಳು ಮಡಿಸಿ ಲೆಕ್ಕ ಒಪ್ಪಿಸಿದರು. ಆಮೇಲೆ ಒಂದು ಮಾತು ಹೇಳಿದರು. ನಾನು ಕೊಡ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

"ಕಳ್ಳಿ ಅಂಥಾ ಕಳ್ಳೀನ ಸುಡೋ ಮೈ. ಹೊಟ್ಯಾಗ ಕೂಸು ನಿಲ್ಲತದೇನು?"

ಹೆಂಗಸರು ನನ್ನ ಹೊಟ್ಟೆಯ ಕಡೆ ನೋಡಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಅವತ್ತು ಕೊಡ ಹೊತ್ತು ಮನೆಗೆ ಬರುವ ದಾರಿಯಲ್ಲಿ ನಾನು ಅಳಲಿಲ್ಲ. ಈ ಹೆಂಗಸಿಗೆ ಇದನ್ನು ತಿರುಗಿಸಿ ಕೊಡದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಬಂದೆ.

ಟ್ರಂಕಿನಿಂದ ಜಾತಕ ಹೊರಗೆ ಬಂತು. ಜ್ಯೇಷ್ಠದಲ್ಲಿ ಒಳ್ಳೆಯ ಮುಹೂರ್ತಗಳಿವೆಯೆಂದು ಅತ್ಯಾ ಹೇಳತೊಡಗಿದರು. ಮಾವ ಇನ್ನೂ ಹೂಂ ಎಂದಿರಲಿಲ್ಲ, ಆದರೆ ಊಹೂಂ ಎನ್ನುವುದನ್ನು ನಿಲ್ಲಿಸಿದ್ದರು. ಶನಿವಾರ ಗಂಡ ಬಂದಾಗ ನಾಚಿಕೆ ಬಿಟ್ಟು ಕೇಳಿದೆ.

"ಅತ್ಯಾ ನನ್ನ ಸಾಕ್ಯಾಳ. ಆಕಿ ಮಾತಿಗಿ ನಾ ಏನ್ ಅನ್ಲಿ?" ಎಂದರು. "ನಿನ್ನೇನು ಹೊರಗ ಹಾಕತಾರೇನು? ತವರಿಗಿ ಹೋಗಿ ಇದ್ದು ಬಾ."

ಇದ್ದು ಬಾ ಎಂದರೆ ಏನೆಂದು ನನಗೆ ಗೊತ್ತಿತ್ತು. ಹಾಗೆ ಇದ್ದು ಬರಲು ಹೋದವರು ಚಿಂಚೋಳಿಯ ನಮ್ಮ ಓಣಿಯಲ್ಲೇ ಇಬ್ಬರಿದ್ದರು. ಇಬ್ಬರೂ ಅಣ್ಣಂದಿರ ಮನೆಯಲ್ಲಿ ಬತ್ತಿ ಹೊಸೆಯುತ್ತ ಮುದುಕಿಯರಾದರು. ಸೇಡಂ ಸ್ಟೇಷನ್ನಿನಲ್ಲಿ ಇಳಿಸಿ ಚಿಂಚೋಳಿಯ ಬಂಡಿಗೆ ಹತ್ತಿಸಿದರೆ ನನ್ನ ಕಥೆಯೂ ಮುಗಿಯಿತು.

ಚೈತ್ರದಲ್ಲಿ ಮೂರನೆಯ ಸಲ ಹೊರಗೆ ಕೂತಾಗ ಕಣ್ಣಿಗೆ ಬಿತ್ತು. ಹಿತ್ತಲ ಕೋಣೆಯ ಬಾಗಿಲ ಸಂದಿಯಿಂದ ಮಾಳಿಗೆಯ ಮೆಟ್ಟಿಲು ಕಾಣುತ್ತದೆ. ಬೆಳಿಗ್ಗೆ ಅತ್ಯಾ ಕುಂಡವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಮೈಗೆ ತಾಗದಂತೆ ಕೈ ಚಾಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಸಂಜೆ ಹಾಗೆಯೇ ಇಳಿಸಿದರು. ಮೂರು ದಿನವೂ ಅಷ್ಟೇ. ನನಗೆ ಕೂಡಲೇ ಅರ್ಥವಾಯಿತು. ನಾನು ಹೊರಗಾದ ದಿನ ಮನೆಯಲ್ಲಿ ನಾನು ಮುಟ್ಟಿದ್ದೆಲ್ಲ ಮೈಲಿಗೆ. ಬಟ್ಟೆ ಒಗೆದರೆ ಹೋಯಿತು, ಹಿತ್ತಾಳೆ ಬೆಳಗಿದರೆ ಹೋಯಿತು. ಮಣ್ಣಿನದಕ್ಕೆ ಶುದ್ಧಿಯಿಲ್ಲ, ಒಡೆದು ಬಿಸಾಡಬೇಕು. ತಮ್ಮನ ಪ್ರೀತಿಯ ಕುಂಡ ಒಡೆಯುವಂತಿಲ್ಲ. ಅದಕ್ಕೆ ಬಿಸಿಲಿನ ಶುದ್ಧಿ, ಹಾಸಿಗೆಗೆ ಮಾಡುವ ಹಾಗೆ. ತಿಂಗಳೆಲ್ಲ ಬೆಳಕಿಂಡಿಯ ಕೆಳಗೆ ಹದವಾಗಿ ಬೆಳೆದ ಗಿಡವನ್ನು ಏಕಾಏಕಿ ತೆಗೆದು, ಕಾಲಿಟ್ಟರೆ ಬೊಬ್ಬೆ ಏಳುವ ಮಾಳಿಗೆಯ ಮೇಲೆ ಹಗಲಿಡೀ ಇಟ್ಟರೆ ಸುಡದೆ ಏನಾಗುತ್ತದೆ? ಬೇಲಿಯ ಕಳ್ಳಿ ಹುಟ್ಟಿದಂದಿನಿಂದ ಬಿಸಿಲಿನಲ್ಲೇ ಇರುತ್ತದೆ, ಅದರ ಮೈ ಬೇರೆ. ಒಳಗೆ ಬೆಳೆದದ್ದನ್ನು ದಿನಕ್ಕಿಷ್ಟಿಷ್ಟಾಗಿ ಬಿಸಿಲಿಗೆ ಪಳಗಿಸಬೇಕು.

ಅತ್ಯಾ ಬೇಕೆಂದೇ ಸುಟ್ಟರು ಎಂದು ನಾನು ಹೇಳುವುದಿಲ್ಲ. ಅವರು ಮನಸಾರೆ ಶುದ್ಧಿ ಮಾಡುತ್ತಿದ್ದರು, ಮನಸಾರೆ ನನ್ನನ್ನು ದೂರುತ್ತಿದ್ದರು. ಅದೇ ನನಗೆ ಹೆಚ್ಚು ಹೊಟ್ಟೆ ಉರಿಸಿತು. ಮೋಸಗಾರ್ತಿಯಾಗಿದ್ದರೆ ಒಂದು ದಿನ ಸಿಕ್ಕಿಬೀಳುತ್ತಾಳೆ ಎಂದಾದರೂ ಇರುತ್ತಿತ್ತು.

ನಾಲ್ಕನೆಯ ದಿನ ಒಳಗೆ ಬಂದವಳೇ ಮಾವನೆದುರು ಹೇಳಿದೆ. "ಮಾವಾರೆ, ಇದು ಬಿಸಲಿಗಿ ಸುಟ್ಟದರಿ. ಅತ್ಯಾ ಮೂರು ದಿನ ಮಾಳಿಗಿ ಮ್ಯಾಲ ಇಟ್ಟಿದ್ರು."

ಅತ್ಯಾ ಅಡುಗೆಮನೆಯಿಂದಲೇ, "ಕಳ್ಳಿಗಿ ಬಿಸಲು ಸುಡತದಂತ. ಹೊಲದ ಬೇಲ್ಯಾಗ ನಿಂತ ಕಳ್ಳಿ ಏನ್ ಛತ್ರಿ ಹಿಡಕೊಂಡು ನಿಂತಿರತದೇನು?" ಎಂದರು.

ಮಾವ ನಕ್ಕುಬಿಟ್ಟರು. ಕಚೇರಿಗೆ ಹೋಗಿ ಅಲ್ಲಿಯೂ ಹೇಳಿರಬೇಕು, ಸಂಜೆ ಅವರ ಜೊತೆ ಬಂದ ಗುಮಾಸ್ತರು ಕುಂಡ ನೋಡಿ ಛತ್ರಿಯ ಮಾತೆತ್ತಿ ನಕ್ಕರು. ಬಾಯಿಮಾತಿನಿಂದ ಆಗುವ ಕೆಲಸವಲ್ಲ ಇದು ಎಂದು ನಾನು ಬಾಯಿ ಮುಚ್ಚಿಕೊಂಡೆ.

ವೈಶಾಖದಲ್ಲಿ ದಶಮಿಯ ದಿನ ಬೆಳಿಗ್ಗೆ ಹೊರಗಾದೆ. ಯಾರಿಗೂ ಹೇಳಲಿಲ್ಲ.

ಇವತ್ತು ಇದನ್ನು ಓದುವವರಿಗೆ ಇದರಲ್ಲೇನಿದೆ ಅನ್ನಿಸಬಹುದು. ಅವತ್ತು ನನಗೆ ಅದು ಬೆಂಕಿಗೆ ಕೈಯಿಟ್ಟಂತೆ. ಬಟ್ಟೆ ಒಗೆಯುವ ನೆವದಲ್ಲಿ ಹಳ್ಳಕ್ಕೆ ಹೋಗಿ ಬಂದೆ, ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಬಾವಿಗೆ ಹೋದೆ. ಹಗ್ಗ ಬಿಡುವಾಗ ಬಾವಿಯ ನೀರು ಕೆಂಪಾದೀತು, ನಾನು ಕಣ್ಣು ಕತ್ತಲಿಟ್ಟು ಬಿದ್ದೇನು ಎಂದು ಕಾದೆ. ಏನೂ ಆಗಲಿಲ್ಲ. ಕೊಡ ತುಂಬಿತು. ತಂದು ಅಡುಗೆಮನೆಯ ಬಾಗಿಲಲ್ಲಿಟ್ಟೆ, ಅತ್ಯಾ ಎತ್ತಿಕೊಂಡರು. ಹೋಗಿ ಕಳ್ಳಿಯ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಸರಿಸಿದೆ. ಸಾಲದೆಂದು ಮುಳ್ಳಿನ ನಡುವೆ ಬೆರಳು ತೂರಿಸಿ ಅದರ ಮೈಯನ್ನೂ ಮುಟ್ಟಿದೆ.

ಮರುದಿನ ಏಕಾದಶಿ. ಅತ್ಯಾ ಹನಿ ನೀರೂ ಮುಟ್ಟದೆ ಉಪವಾಸ. ಅದರ ಮರುದಿನ ದ್ವಾದಶಿ, ಮೂಡಣ ಕೆಂಪಾಗುವ ಮೊದಲೇ ನಾನು ಸೇದಿ ತಂದ ನೀರಿನಲ್ಲಿ ಅವರು ಅಡುಗೆ ಮಾಡಿ, ಮಠಕ್ಕೆ ನೈವೇದ್ಯ ಕಳಿಸಿ, ತೀರ್ಥ ತೆಗೆದುಕೊಂಡು ಪಾರಣೆ ಮಾಡಿದರು. ಊಟ ಮುಗಿಸಿ, "ಇವತ್ತ ಸಾರು ಭಾಳ ರುಚಿ ಆಗಿತ್ತು," ಎಂದು ತಾವೇ ಹೇಳಿಕೊಂಡರು. ನಾನು ಎಂಜಲು ಬಳಿಯುತ್ತಿದ್ದೆ. ನಗು ಬಂದು ತಲೆ ಎತ್ತಲಾಗಲಿಲ್ಲ.

ದೇವರಿಗೆ ಮೈಲಿಗೆಯಾಯಿತಲ್ಲ ಎಂದು ಒಂದು ಗಳಿಗೆ ಅಂಜಿದ್ದೂ ನಿಜ. ಅಂಜಿಕೆ ಬಹಳ ಹೊತ್ತು ಉಳಿಯಲಿಲ್ಲ. ದೇವರಿಗೆ ನನ್ನ ಮೇಲೆ ಸಿಟ್ಟಿದ್ದರೆ ನನ್ನೊಡನೆ ಮಾತಾಡಿಕೊಳ್ಳಲಿ, ಅತ್ಯಾ ಅವರ ಬಾಯಿಂದ ಬೇಡ ಎಂದುಕೊಂಡೆ. ಮೂರು ದಿನ ಕಳೆಯಿತು, ಐದು ದಿನ ಕಳೆಯಿತು. ಕಳ್ಳಿಯ ಮೇಲೆ ಒಂದು ಚುಕ್ಕೆಯೂ ಇಲ್ಲ. ನೆತ್ತಿಯಲ್ಲಿ ಹೊಸದಾಗಿ ಒಂದು ಗುಂಪು ಮುಳ್ಳು ಬಂದಿತ್ತು, ಒಳ್ಳೆಯ ಹಳದಿ ಬಣ್ಣ, ಗಟ್ಟಿ.

ಅತ್ತ ಅತ್ಯಾ ದಿನ ಎಣಿಸುತ್ತಿದ್ದರು. ನಾನು ಹೊರಗೆ ಕೂಡುವ ದಿನ ದಾಟಿತ್ತು. ಮಾವನ ಕಿವಿಗೂ ಬಿದ್ದು, ಅವರು ಕಚೇರಿಯಿಂದ ಬರುವಾಗ ಎರಡು ಮಾವಿನಹಣ್ಣು ತಂದು ನನ್ನ ಹತ್ತಿರ ಇಟ್ಟು ಹೋದರು. ಅದೊಂದು ನನಗೆ ಚುಚ್ಚಿತು. ಮಾವನನ್ನು ಆಸೆಗೆ ಹಚ್ಚುವುದು ನನ್ನ ಲೆಕ್ಕದಲ್ಲಿರಲಿಲ್ಲ. ಹಣ್ಣು ತಿಂದೆ, ಏನು ಮಾಡಲಿ.

ಎಂಟು ದಿನ ಕಳೆದು ಒಂದು ಬೆಳಿಗ್ಗೆ, "ಹೊರಗಾದೆ," ಎಂದು ಹೇಳಿ ಹಿತ್ತಲಿಗೆ ಹೋಗಿ ಕೂತೆ. ಸುಳ್ಳು. ಮೈ ನೆಟ್ಟಗೇ ಇತ್ತು. ಅತ್ಯಾ ಅವರ ಮುಖದಲ್ಲಿ ಆಗ ಕಂಡ ಸಮಾಧಾನವನ್ನು ನಾನು ಮರೆತಿಲ್ಲ. ಬಾಗಿಲ ಸಂದಿಗೆ ಕಣ್ಣಿಟ್ಟು ಕಾದೆ. ಒದ್ದೆ ಬಟ್ಟೆ, ಚಾಚಿದ ಕೈ, ಕುಂಡ ಮೆಟ್ಟಿಲು ಹತ್ತಿತು. ವೈಶಾಖದ ಬಿಸಿಲು ಹೇಗಿತ್ತೆಂದರೆ ಹಿತ್ತಲಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ. ನಾಲ್ಕನೆಯ ದಿನ ನೋಡಿದರೆ ಕಳ್ಳಿಯ ಅರ್ಧ ಮೈ ಬೆಳ್ಳಗೆ ಬೆಂದುಹೋಗಿತ್ತು. ಹೊಸದಾಗಿ ಬಂದ ಮುಳ್ಳಿನ ಗುಂಪು ಕರಕಾಗಿತ್ತು. ಗಿಡಕ್ಕೆ ಹೀಗಾಗುತ್ತದೆಂದು ಗೊತ್ತಿದ್ದೂ ನಾನು ಬಿಟ್ಟೆ. ಅದರ ಪಾಪ ನನ್ನದು, ಒಪ್ಪಿಕೊಳ್ಳುತ್ತೇನೆ.

ಮಾವ ಕುಂಡವನ್ನು ಬಹಳ ಹೊತ್ತು ನೋಡಿದರು. "ಶನಿವಾರ ಅವನು ಬರಲಿ ಅಕ್ಕಾ, ಕುರಕುಂಟಾದ ಮಾತು ಮುಗಿಸಿಬಿಡೋಣು," ಎಂದು ರುಮಾಲು ಸುತ್ತಿಕೊಂಡು ಊರೊಳಗೆ ಹೋದರು.

ಅವತ್ತು ಶುಕ್ರವಾರ. ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅತ್ಯಾ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದರು. ನಾನು ಸುಟ್ಟ ಕುಂಡ ತಂದು ಅವರ ಮುಂದಿಟ್ಟು, ಎದುರಿಗೆ ಕೂತೆ.

"ಅತ್ಯಾ, ಒಂದು ಮಾತು ಹೇಳೋದದ."

"ಹೇಳು. ಅತ್ತು ಕರದು ಮಾಡಬ್ಯಾಡ, ಮುಗದ ಮಾತು ಅದು."

"ಈಗ ಮೂರು ದಿನ ಹೊರಗ ಕೂತಿದ್ದೆನಲ್ಲ, ಅದು ಸುಳ್ಳರಿ. ನಾ ಹೊರಗಾಗಿರಲಿಲ್ಲ."

ಅವರ ಕೈ ನಿಂತಿತು.

"ಖರೆ ಹೊರಗಾಗಿದ್ದು ದಶಮಿ ದಿನ. ದಶಮಿ, ಏಕಾದಶಿ, ದ್ವಾದಶಿ, ಮೂರೂ ದಿನ ಗಿಡ ನನ್ನ ಕೈಯಾಗೇ ಇತ್ತು. ಆವಾಗ ಒಂದು ಕಲೆ ಬಿದ್ದಿತ್ತೇನು? ಈ ಮೂರು ದಿನ ನಾ ಮುಟ್ಟಿಲ್ಲ, ಮೈಲಿಗೀನೂ ಇಲ್ಲ. ನೀವು ಮಾಳಿಗಿ ಮ್ಯಾಲ ಇಟ್ರಿ. ಈಗ ನೋಡ್ರಿ."

ಅವರು ಗಿಡದ ಕಡೆ ನೋಡಲೇ ಇಲ್ಲ. ನನ್ನ ಮುಖ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದಿನ ಎಣಿಸುತ್ತಿದ್ದರು.

"ದ್ವಾದಶಿ ದಿನ ನೀರು," ಎಂದರು.

"ನಾನೇ ಸೇದಿದ್ದು."

"ಮಠಕ್ಕ ಹೋಗಿದ್ದು."

"ಅದೇ ನೀರಿನ್ಯಾಗ ಮಾಡಿದ್ರಿ. ನೀವು ತೀರ್ಥ ತೊಗೊಂಡಿದ್ದೂ ಅದೇ ನೀರು. ಸಾರು ರುಚಿ ಆಗಿತ್ತು ಅಂದ್ರಿ."

ಹೊಸೆದ ಬತ್ತಿಗಳೆಲ್ಲ ಮಡಿಲಿನಿಂದ ಜಾರಿ ನೆಲಕ್ಕೆ ಬಿದ್ದವು. "ನಿನ್ನ ನಾಲಿಗಿ ಬಿದ್ದುಹೋಗಲಿ," ಎಂದರು, ಮೆಲ್ಲಗೆ.

"ಬೀಳಲಿ ಅತ್ಯಾ. ಅದು ಬೀಳೋದರೊಳಗ ನೀವು ಎಲ್ಲಾರಿಗೂ ಹೇಳಿಬಿಡ್ರಿ. ಮಾವಾರಿಗಿ ಹೇಳ್ರಿ, ಆಚಾರ್ಯರಿಗಿ ಹೇಳ್ರಿ, ಬಾವಿಕಟ್ಟಿ ಮ್ಯಾಲ ನಿಂತು ಹೇಳ್ರಿ. ನಾಳಿನೇ ನನ್ನ ಬಂಡಿ ಹತ್ತಸ್ತಾರ, ನಾ ಹೋಗತೀನಿ. ಹೋಗೋ ಮುಂದ ಮಠದ ಬಾಗಲಾಗ ನಿಂತು ನಾನೂ ಹೇಳೇ ಹೋಗತೀನಿ. ಆಮ್ಯಾಲ ನಿಮ್ಮ ಕೈಲೆ ಅಲ್ಲಿ ಯಾರು ಅಡಗಿ ಮಾಡಸ್ತಾರ, ಅದನ್ನ ಒಂದಿಷ್ಟು ವಿಚಾರ ಮಾಡ್ರಿ."

ಹಾಗೆ ಮಾತಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಆ ಸುಖವನ್ನು ಏನೆಂದು ಹೇಳಲಿ. ಅವರು ಬಿದ್ದ ಬತ್ತಿಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಂಡರು. ನಾನು ಎದ್ದು ಹೋಗಲಿಲ್ಲ.

"ಏನ್ ಬೇಕು ನಿನಗ?" ಎಂದರು ಕೊನೆಗೆ.

"ಜಾತಕ ಕುರಕುಂಟಾಕ್ಕ ಹೊಳ್ಳಿ ಹೋಗಬೇಕು. ಗಿಡ ಯಾತಕ್ಕ ಸುಟ್ಟದ ಅನ್ನೋದನ್ನ ನಾಳೆ ಎಲ್ಲಾರ ಮುಂದ ನಿಮ್ಮ ಬಾಯಿಲೆ ಹೇಳಬೇಕು."

ಶನಿವಾರ ಸಂಜೆ ಗಂಡ ಬಂದು ಕೈಕಾಲು ತೊಳೆದು ಕೂತರು. ಮಾವ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ಯಾ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು.

"ತಮ್ಮಾ, ಗಿಡ ಬಿಸಲಿಗೇ ಸುಟ್ಟದ. ನಾನೇ ಮಾಳಿಗಿ ಮ್ಯಾಲ ಇಟ್ಟಿದ್ದೆ. ಹುಡುಗಿದೇನೂ ತಪ್ಪಿಲ್ಲ. ಕುರಕುಂಟಾದ ಮಾತು ಬಿಟ್ಟುಬಿಡು."

ಮಾವನಿಗೆ ನಗು ಬಂತು. "ಕಳ್ಳಿಗಿ ಬಿಸಲು ಸುಡತದೇನು ಅಕ್ಕಾ?"

"ಸುಡತದ," ಎಂದು ಹೇಳಿ ಅವರು ಒಳಗೆ ಹೋದರು. ನಾನು ಕಂಬಕ್ಕೊರಗಿ ನಿಂತು ಅವರ ಬೆನ್ನು ನೋಡಿದೆ. ಅಯ್ಯೋ ಪಾಪ ಅನ್ನಿಸಲಿಲ್ಲ.

ಮರುದಿನ ನಸುಕಿನಲ್ಲೇ ಅತ್ಯಾ ಯಾರಿಗೂ ಹೇಳದೆ ಪಂಚಗವ್ಯ ತೆಗೆದುಕೊಂಡು ಶುದ್ಧಿ ಮಾಡಿಕೊಂಡರು. ನಾಲ್ಕು ದಿನ ಅನ್ನ ಮುಟ್ಟಲಿಲ್ಲ. ಮೊಣಕಾಲು ನೋವೆಂದು ನೆವ ಹೇಳಿ ಮಠದ ಅಡುಗೆಯಿಂದ ತಾವೇ ಹಿಂದೆ ಸರಿದರು. ಆಚಾರ್ಯರು ಮನೆಗೆ ಬಂದು ಬೇಡಿಕೊಂಡರೂ ಒಪ್ಪಲಿಲ್ಲ. ನೋವೆಂದ ಆ ಮೊಣಕಾಲಿನಲ್ಲೇ ತಮ್ಮ ನೀರನ್ನು ತಾವೇ ಸೇದಿಕೊಳ್ಳತೊಡಗಿದರು. ನನ್ನ ಕೈಯ ನೀರು ಬೇಡ. ಒಲೆಯ ಮುಂದಿನ ಜಾಗ ನನಗೆ ಬಂತು. ಅವರದು ಮೂಲೆಯಲ್ಲಿ ಬೇರೆ ಒಂದು ಇದ್ದಲಿ ಒಲೆ. ಗಂಡ ಒಮ್ಮೆ, ನಿಮ್ಮಿಬ್ಬರ ನಡುವೆ ಏನಾಯಿತು ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರು ಮತ್ತೆ ಕೇಳುವ ಪೈಕಿಯಲ್ಲ.

ಕಳ್ಳಿ ಸಾಯಲಿಲ್ಲ. ಸುಟ್ಟ ಜಾಗ ಎಂದೂ ಹಸಿರಾಗಲಿಲ್ಲ, ಆದರೆ ನೆತ್ತಿಯಿಂದ ಹೊಸ ಮೈ ಬಂತು. ಮುಂದಿನ ಚಳಿಗಾಲದಲ್ಲಿ ಅದನ್ನು ಬೆಳಗಿನ ಬಿಸಿಲಿಗೆ ದಿನಕ್ಕಿಷ್ಟಿಷ್ಟು ಒಡ್ಡಿ, ಯುಗಾದಿಯ ಹೊತ್ತಿಗೆ ಇಡೀ ದಿನ ಮಾಳಿಗೆಯ ಮೇಲೆ ನಿಲ್ಲುವಂತೆ ಮಾಡಿದೆ. ಮರುವರ್ಷ ನನಗೆ ಮಗಳು ಹುಟ್ಟಿದಳು. ಅತ್ಯಾ ಅವಳನ್ನು ಎತ್ತಿಕೊಂಡರು, ಎಣ್ಣೆ ತಿಕ್ಕಿದರು, ಹಾಡು ಹೇಳಿದರು. ನನ್ನೊಡನೆ ಮಾತ್ರ ಕೆಲಸಕ್ಕೆ ಬೇಕಾದಷ್ಟೇ ಮಾತು.

ಹೀಗೆ ಹತ್ತು ವರ್ಷ. ಮಾವ ತೀರಿಕೊಂಡರು. ರಜಾಕಾರರ ಗಲಾಟೆಯ ವರ್ಷ ಬಂತು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ನಮ್ಮ ಓಣಿ ಅರ್ಧ ಖಾಲಿಯಾಯಿತು. ನಾವು ಹೋಗುವಂತಿರಲಿಲ್ಲ, ಅತ್ಯಾ ಹಾಸಿಗೆ ಹಿಡಿದಿದ್ದರು. ಮಗಳನ್ನು ನೆರೆಯವರ ಜೊತೆ ಕಳಿಸಿದೆವು, ಗಂಡ ವಾಡಿಯಲ್ಲಿ ಸಿಕ್ಕಿಕೊಂಡರು. ಮನೆಯಲ್ಲಿ ಮತ್ತೆ ನಾವಿಬ್ಬರೇ. ಅವರಿಗೆ ಏಳಲು ಆಗುತ್ತಿರಲಿಲ್ಲ, ನೀರು ತಂದುಕೊಡುವ ಬೇರೆ ಕೈ ಊರಿನಲ್ಲೇ ಇರಲಿಲ್ಲ.

ಎರಡು ದಿನ ತುಟಿ ಬಿಗಿಹಿಡಿದುಕೊಂಡಿದ್ದರು. ಮೂರನೆಯ ದಿನ ಮಧ್ಯಾಹ್ನ ನಾಲಿಗೆ ಒಣಗಿ, ಕೈ ಸನ್ನೆಯಿಂದ ನೀರು ಕೇಳಿದರು. ನಾನು ಬೆಳ್ಳಿಯ ಲೋಟದಲ್ಲಿ ತಂದು, ತಲೆಯ ಕೆಳಗೆ ಕೈಯಿಟ್ಟು ಎತ್ತಿದೆ. ಲೋಟ ತುಟಿಗೆ ತಾಗುವಾಗ ಅವರು ನನ್ನ ಕಣ್ಣನ್ನೇ ನೋಡಿದರು.

"ಹೊರಗಿಲ್ಲಲ್ಲಾ ನೀ?"

ನಾನು ಹೊರಗಿರಲಿಲ್ಲ. ತಲೆಗೆ ನೀರು ಹಾಕಿಕೊಂಡು ವಾರವಾಗಿತ್ತು. ಇಲ್ಲ ಅತ್ಯಾ ಎಂಬ ಎರಡು ಮಾತು ಸಾಕಿತ್ತು, ಅವರು ನಿಶ್ಚಿಂತೆಯಿಂದ ಕುಡಿಯುತ್ತಿದ್ದರು. ಆ ಮಾತು ನನ್ನ ಬಾಯಲ್ಲೇ ಇತ್ತು.

"ಕುಡೀರಿ," ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಕುಡಿದರು.